ಮೂಲಚಿತ್ರದ ಶೋಧವೂ ಪ್ರಮಾಣವಿಚಾರವೂ: ಅಮೆಲಿಯಾ ಇಯರ್‌ಹಾರ್ಟ್ ಅವರ ಕೊನೆಯ ಯಾನದ ಛಾಯಾಚಿತ್ರಗಳು

1937ನೆಯ ಇಸವಿ ಜುಲೈ ತಿಂಗಳ 2ನೆಯ ತಾರೀಖು ನ್ಯೂಗಿನಿ ದ್ವೀಪದ ಲೇ ಎಂಬ ಪಟ್ಟಣದಿಂದ ಒಂದು ಲಾಕ್‌ಹೀಡ್ ಎಲೆಕ್ಟ್ರಾ ವಿಮಾನವು ಪೂರ್ವಾಭಿಮುಖವಾಗಿ ಹೊರಟಿತು. ಅದನ್ನು ನಡೆಸುತ್ತಿದ್ದವರು ಅಮೆರಿಕಾ ದೇಶದ ವಿಖ್ಯಾತ ವಿಮಾನಚಾಲಕಿ ಅಮೆಲಿಯಾ ಇಯರ್‌ಹಾರ್ಟ್. ದಿಕ್ಕನ್ನು ಗಣಿಸಿ ಹೇಳುತ್ತಿದ್ದವನು ಫ್ರೆಡ್ ನೂನನ್. ಭೂಪ್ರದಕ್ಷಿಣೆಯ ಬಹುಭಾಗವು ಆಗಲೇ ಮುಗಿದಿತ್ತು. ಇನ್ನು ಸುಮಾರು 2,550 ಮೈಲಿ ದೂರದಲ್ಲಿ ಶಾಂತಸಾಗರದ ನಡುವೆ ಇರುವ ಹೌಲಂಡ್ ಎಂಬ ಪುಟ್ಟ ದ್ವೀಪದಲ್ಲಿ ಇಳಿದು ಇಂಧನವನ್ನು ತುಂಬಿಕೊಳ್ಳಬೇಕಾಗಿತ್ತು. ಅವರಿಗೆ ನೆರವಾಗಲೆಂದು ಅಲ್ಲಿ ಇಟಾಸ್ಕಾ ಎಂಬ ಅಮೆರಿಕಾ ಸರ್ಕಾರದ ನೌಕೆಯು ಕಾದು ನಿಂತಿದ್ದಿತು. ಆ ನೌಕೆಯ ಗಡಿಯಾರದಂತೆ ಬೆಳಿಗ್ಗೆ 8 ಗಂಟೆ 43 ನಿಮಿಷದ ಹೊತ್ತಿಗೆ ಕೇಳಿಬಂದ ಮಾತಿನ ಬಳಿಕ ಸಂಶಯಕ್ಕೆ ಎಡೆಯಿಲ್ಲದ ಸುದ್ದಿ ಯಾವುದೂ ಆ ವಿಮಾನದಿಂದ ಬರಲಿಲ್ಲ. ಜುಲೈ 19ರವರೆಗೆ ನಡೆದ ಶೋಧವು ನಿಷ್ಫಲವಾಯಿತು. 1939ನೆಯ ಇಸವಿ ಜನವರಿ 5ರಂದು ನ್ಯಾಯಾಲಯವು ಆಕೆಯನ್ನು ಮೃತಳೆಂದು ನಿರ್ಣಯಿಸಿತು.

ನಿರ್ಣಯವು ನ್ಯಾಯಾಲಯಕ್ಕೆ ಸಾಕಾಯಿತೇ ಹೊರತು ಜನಕ್ಕೆ ಸಾಕಾಗಲಿಲ್ಲ. ವಿಮಾನವು ಹೌಲಂಡಿನ ಸಮೀಪದಲ್ಲಿಯೇ ಸಮುದ್ರದ ಪಾಲಾಯಿತೆಂಬುದು ಒಂದು ಪಕ್ಷ. ಆಗ್ನೇಯಕ್ಕೆ ಸುಮಾರು 400 ಮೈಲಿ ದೂರದ, ಅಂದು ಗಾರ್ಡ್ನರ್ ಎಂದೂ ಇಂದು ನಿಕುಮರೋರೋ ಎಂದೂ ಹೆಸರಾದ ನಿರ್ಜನದ್ವೀಪದ ಬಂಡೆಯ ಮೇಲೆ ಇಳಿದು ಅಲ್ಲಿಯೇ ಅವರಿಬ್ಬರೂ ಮಡಿದರೆಂಬುದು ಎರಡನೆಯ ಪಕ್ಷ. ಜಪಾನೀಯರ ಆಡಳಿತಕ್ಕೆ ಒಳಪಟ್ಟಿದ್ದ ಮಾರ್ಷಲ್ ದ್ವೀಪಗಳಲ್ಲಿ ಇಳಿದು, ಸೆರೆಸಿಕ್ಕಿ, ಸೈಪಾನಿನಲ್ಲಿ ಸತ್ತರೆಂಬುದು ಮೂರನೆಯದು. ಈ ಮೂರು ಪಕ್ಷಗಳ ಬಲಾಬಲವನ್ನು ತೂಗುವುದು ಈ ಲೇಖನದ ಉದ್ದೇಶವಲ್ಲ. ವಾದವು ಬೆಳೆದಂತೆಲ್ಲ ಎಲ್ಲರೂ ಕೈಚಾಚಿದುದು ಛಾಯಾಚಿತ್ರಗಳ ಕಡೆಗೆ. ಆ ಚಿತ್ರಗಳ ಮೂಲವನ್ನು ಅರಸಿ ಹೊರಟವರಲ್ಲಿ ಬಹುಮಂದಿ ಸಂಬಳವಿಲ್ಲದೆ ದುಡಿಯುವ ಆಸಕ್ತರು. ಅವರ ದುಡಿಮೆಯಿಂದ ಏನು ಸಿದ್ಧವಾಯಿತು, ಏನು ಸಿದ್ಧವಾಗಲಿಲ್ಲ ಎಂಬುದಷ್ಟೇ ಇಲ್ಲಿ ವಿಚಾರಣೀಯವಾದುದು.

ಮೂಲಚಿತ್ರವೆಂದರೆ ಏನು, ಅದರ ಅಗತ್ಯವೇನು ಎಂಬುದನ್ನು ಮೊದಲು ಹೇಳುವುದು ಯುಕ್ತ. ಶಾಸನಗಳ ಪರಿಚಯವುಳ್ಳ ವಾಚಕರಿಗೆ ಇದು ಹೊಸದಾಗಿ ತೋರದು. ಕಲ್ಲಿನ ಅಕ್ಷರಗಳನ್ನು ಕಣ್ಣಂದಾಜಿನಿಂದ ಬರೆದುಕೊಂಡು ಬಂದ ಪ್ರತಿಯನ್ನೇ ನಂಬಿ ಶಕವರ್ಷವನ್ನು ನಿರ್ಣಯಿಸಿದ ಪಂಡಿತನು, ಕಾಗದವನ್ನು ಒತ್ತಿ ತೆಗೆದ ಪಡಿಯಚ್ಚು ಕೈಗೆ ಬಂದಾಗ ತನ್ನ ನಿರ್ಣಯವನ್ನು ಹಿಂದೆಗೆದುಕೊಳ್ಳಬೇಕಾದ ಪ್ರಸಂಗಗಳು ವಿರಳವಲ್ಲ. ಛಾಯಾಚಿತ್ರದ ವಿಷಯದಲ್ಲಿ ಈ ಅಪಾಯವು ಇನ್ನೂ ಹೆಚ್ಚು. ಏಕೆಂದರೆ ಪ್ರತಿಯೂ ಮೂಲದಂತೆಯೇ ಯಂತ್ರನಿರ್ಮಿತವಾಗಿ ಕಾಣುವುದರಿಂದ ನೋಡುವವನಿಗೆ ಸಂಶಯವೇ ಹುಟ್ಟುವುದಿಲ್ಲ. ವೃತ್ತಪತ್ರಿಕೆಗಳಲ್ಲಿ ಚಿತ್ರವನ್ನು ಅಚ್ಚುಮಾಡುವಾಗ ಅದನ್ನು ಜಾಲರಿಯ ಮೂಲಕ ಚುಕ್ಕಿಚುಕ್ಕಿಯಾಗಿ ಒಡೆಯುತ್ತಾರೆ. ಚುಕ್ಕಿಗಿಂತ ಚಿಕ್ಕದಾದ ವಿವರವು ಅಲ್ಲಿಗೆ ನಷ್ಟವಾಯಿತು. ಅಂಥ ಪ್ರತಿಯನ್ನು ಎಷ್ಟು ಹಿಗ್ಗಿಸಿದರೂ ದೊಡ್ಡದಾಗುವುದು ಚುಕ್ಕಿಯೇ. ಅಲ್ಲದೆ ಅಂಕಣದ ಅಗಲಕ್ಕೆ ಸರಿಹೊಂದುವಂತೆ ಅಂಚುಗಳನ್ನು ಕತ್ತರಿಸುವುದೂ, ಮಸುಕಾದ ಗೆರೆಗಳನ್ನು ಚಿತ್ರಗಾರನ ಕುಂಚದಿಂದ ತಿದ್ದಿಸುವುದೂ ಆ ಕಾಲದ ಪತ್ರಿಕಾಲಯಗಳಲ್ಲಿ ನಿತ್ಯದ ರೂಢಿ. ನೆಗೆಟಿವ್ ಫಲಕದಲ್ಲಾಗಲಿ, ಅದರಿಂದ ನೇರವಾಗಿ ತೆಗೆದ ಮೊದಲ ಪ್ರತಿಯಲ್ಲಾಗಲಿ ಈ ದೋಷಗಳಿಲ್ಲ. ಇವೆಲ್ಲಕ್ಕಿಂತ ಮುಖ್ಯವಾದುದು ಮೂಲಪ್ರತಿಯ ಬೆನ್ನು. ತೆಗೆದವನ ಹೆಸರು, ಮುದ್ರೆ, ತಾರೀಖು, ಕ್ರಮಸಂಖ್ಯೆ ಇವು ಇರುವುದು ಅಲ್ಲಿ. ಚಿತ್ರದ ಮುಖವು ಹೇಳುವುದು ಕಥೆ; ಬೆನ್ನು ಹೇಳುವುದು ಸಾಕ್ಷ್ಯ. ಪ್ರತಿಯಿಂದ ಪ್ರತಿಗೆ ಸಾಗುವಾಗ ಮೊದಲು ಕಳೆದುಹೋಗುವುದೂ ಈ ಬೆನ್ನೇ.

ಇಯರ್‌ಹಾರ್ಟ್ ಅವರ ವಿಮಾನದ ವಿಷಯದಲ್ಲಿ ತಾರೀಖು ಏಕೆ ಇಷ್ಟು ಮುಖ್ಯವೆಂಬುದಕ್ಕೆ ಕಾರಣವುಂಟು. 1936ನೆಯ ಇಸವಿ ಜುಲೈ 24ರಂದು, ಎಂದರೆ ಆಕೆಯ ಹುಟ್ಟುಹಬ್ಬದ ದಿನ, ಕೈಸೇರಿದ ಆ ವಿಮಾನವು ಒಂದು ವರ್ಷದೊಳಗೆ ಹಲವು ಬಾರಿ ರೂಪಾಂತರವನ್ನು ಹೊಂದಿತು. ಆಕೆಯು ಮೊದಲು ಪಶ್ಚಿಮಾಭಿಮುಖವಾಗಿ ಪ್ರದಕ್ಷಿಣೆಗೆ ಹೊರಟು 1937ರ ಮಾರ್ಚ್ 20ರಂದು ಹವಾಯಿಯಲ್ಲಿ ನೆಲಬಿಟ್ಟು ಏಳುವಾಗ ವಿಮಾನವು ಜಾರಿ ಜಖಂ ಆಯಿತು. ಅದನ್ನು ಹಡಗಿನಲ್ಲಿ ಕ್ಯಾಲಿಫೋರ್ನಿಯಾಕ್ಕೆ ತಂದು ಕಾರ್ಖಾನೆಯಲ್ಲಿ ದುರಸ್ತಿ ಮಾಡಿದರು. ವಿಮಾನದ ಬಲಪಾರ್ಶ್ವದ ಹಿಂಭಾಗದಲ್ಲಿ ಮೊದಲು ಒಂದು ದೊಡ್ಡ ಕಿಟಕಿ ಇದ್ದಿತು. ಮಯಾಮಿ ನಗರದಲ್ಲಿ ತಂಗಿದ್ದಾಗ ಅದನ್ನು ತೆಗೆದು ಅಲ್ಲಿ ಅಲ್ಯುಮಿನಿಯಂ ತಗಡನ್ನು ಹೊಡೆದರು. ಜೂನ್ 1ರಂದು ಮಯಾಮಿಯಿಂದ ಹೊರಡುವಾಗ ಆ ಹೊಸ ತಗಡು ಬಿಸಿಲಿಗೆ ಹೊಳೆಯುತ್ತಿದ್ದುದು ಆ ದಿನದ ಸ್ಥಳೀಯ ಪತ್ರಿಕೆಯ ಚಿತ್ರದಲ್ಲಿ ಕಂಡುಬರುತ್ತದೆ. ಆದುದರಿಂದ ತಾರೀಖಿಲ್ಲದ ಒಂದು ಚಿತ್ರದಲ್ಲಿ ಕಿಟಕಿಯು ತೋರಿದರೆ ಅದು ಮಯಾಮಿಗೆ ಹಿಂದಿನದು, ತಗಡು ತೋರಿದರೆ ಈಚಿನದು ಎಂದು ಹೇಳಬಹುದು. ಕೊನೆಯ ಯಾನದ ಚಿತ್ರವೆಂಬ ಶಿರೋಲೇಖವನ್ನು ಹೊತ್ತುಕೊಂಡು ತಿರುಗುವ ಚಿತ್ರವೊಂದು ನಿಜವಾಗಿಯೂ ಆ ಯಾನದ್ದೇ ಎಂಬುದನ್ನು ಪರೀಕ್ಷಿಸಲು ಇದೊಂದು ಒರೆಗಲ್ಲು.

ಮಯಾಮಿಯ ನಂತರ ವಿಮಾನವು ತಂಗಿದ ಸ್ಥಳಗಳಲ್ಲಿ ನಮ್ಮ ದೇಶದ ನೆಲವೂ ಸೇರಿದ್ದಿತು. ಜೂನ್ 15ರಂದು ಕೆಂಪುಸಮುದ್ರದ ತೀರದ ಅಸ್ಸಾಬಿನಿಂದ ಎಲ್ಲಿಯೂ ಇಳಿಯದೆ ಆಕೆ ಕರಾಚಿಗೆ ಬಂದರು. 17ರಂದು ಕಲ್ಕತ್ತೆಯ ದಂದಂ ನಿಲ್ದಾಣವನ್ನು ಸೇರಿದರು. ಅಲ್ಲಿಂದ ಅಕ್ಯಾಬಿಗೂ ರಂಗೂನಿಗೂ ಸಾಗಿದರು. ಹೀಗೆ ತಂಗುದಾಣಗಳು ಐದು ಖಂಡಗಳಲ್ಲಿ ಚೆದರಿಹೋಗಿರುವಾಗ, ಅಲ್ಲಲ್ಲಿನ ನೌಕರರೂ ಪ್ರೇಕ್ಷಕರೂ ಕೈಕ್ಯಾಮರಾಗಳಲ್ಲಿ ತೆಗೆದಿರಬಹುದಾದ ಚಿತ್ರಗಳನ್ನು ಯಾವುದೊಂದು ಸರ್ಕಾರಿ ಕಚೇರಿಯೂ ಒಟ್ಟುಗೂಡಿಸುವಂತಿಲ್ಲ. ಆಕೆಯ ಪತಿಯಾದ ಜಾರ್ಜ್ ಪಾಮರ್ ಪುಟ್ನಮ್ 1940ರಲ್ಲಿ ಪರ್ಡ್ಯೂ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದ ಸಂಗ್ರಹವೇ ಬಹು ದೊಡ್ಡದು. ಕುಟುಂಬದ ಕಾಗದಪತ್ರಗಳು ಹಾರ್ವರ್ಡಿನ ಷ್ಲೆಸಿಂಜರ್ ಗ್ರಂಥಾಲಯದಲ್ಲಿವೆ. ಆದರೂ ಅವುಗಳಲ್ಲಿ ಸಿಕ್ಕದ ಚಿತ್ರಗಳು ಎಷ್ಟೋ ಮನೆಗಳ ಆಲ್ಬಮ್ಮುಗಳಲ್ಲಿಯೂ ಪೆಟ್ಟಿಗೆಗಳಲ್ಲಿಯೂ ಉಳಿದಿರಬೇಕು. ಊರೂರಿನ ಆಸಕ್ತರ ಸಹಕಾರವು ಅನಿವಾರ್ಯವಾದುದು ಈ ಕಾರಣದಿಂದ.

ಅಂಥ ಸಹಕಾರವನ್ನು ಸಂಘಟಿಸಿದವರಲ್ಲಿ 1985ರಲ್ಲಿ ರಿಕ್ ಗಿಲೆಸ್ಪಿಯವರೂ ಅವರ ಪತ್ನಿಯವರೂ ಅಮೆರಿಕಾದಲ್ಲಿ ಸ್ಥಾಪಿಸಿದ, ಟೈಗರ್ ಎಂಬ ಸಂಕ್ಷಿಪ್ತನಾಮದಿಂದ ಪ್ರಸಿದ್ಧವಾದ ಐತಿಹಾಸಿಕ ವಿಮಾನಶೋಧಕ ಸಂಸ್ಥೆಯು ಮುಖ್ಯವಾದುದು. 1989ರಿಂದ ಈ ಸಂಸ್ಥೆಯವರು ಪುನಃಪುನಃ ನಿಕುಮರೋರೋ ದ್ವೀಪಕ್ಕೆ ಹೋಗಿಬಂದಿದ್ದಾರೆ. ಆದರೆ ಹಡಗು ಹತ್ತಿದವರು ಕೆಲವರು. ಮನೆಯಲ್ಲಿ ಕುಳಿತು ಪತ್ರ ಬರೆದು, ಸೂಚೀಪಟ್ಟಿಗಳನ್ನು ತಿರುವಿ, ಒಂದೊಂದು ಚಿತ್ರದ ಮೊಳೆಯ ಸಾಲುಗಳನ್ನು ಎಣಿಸಿದವರು ಅನೇಕರು. ಅವರಲ್ಲಿ ನಿವೃತ್ತ ವೈಮಾನಿಕರುಂಟು, ಇಂಜಿನಿಯರುಗಳುಂಟು, ವೈದ್ಯರುಂಟು. ಲೇ ನಿಲ್ದಾಣದಿಂದ ವಿಮಾನವು ಹೊರಡುವುದನ್ನು ತೋರಿಸುವ ಒಂದು ಅತಿ ಚಿಕ್ಕ ಚಲಚ್ಚಿತ್ರವಿದೆ. ಅದರಲ್ಲಿ ವಿಮಾನವು ನೆಲದ ಮೇಲೆ ಸಾಗುವಾಗ ಹೊಟ್ಟೆಯಡಿಯ ಆಂಟೆನಾ ತಂತಿಯು ಕಾಣುತ್ತದೆಂದೂ, ಓಡಿ ಮೇಲೇರುವಾಗ ಕಾಣುವುದಿಲ್ಲವೆಂದೂ ಇವರು ವಾದಿಸಿದರು. ಈ ವಾದವು ನಿಜವಾದರೆ, ಇಟಾಸ್ಕಾ ನೌಕೆಯು ಕಳುಹಿದ ಮಾತುಗಳು ಆಕೆಗೆ ಏಕೆ ಕೇಳಿಸಲಿಲ್ಲವೆಂಬ ಬಹುಕಾಲದ ಪ್ರಶ್ನೆಗೆ ಒಂದು ಉತ್ತರ ದೊರೆತಂತಾಗುತ್ತದೆ. ಕೂದಲೆಳೆಯಂತಹ ಆ ತಂತಿಯು ಇದೆಯೋ ಇಲ್ಲವೋ ಎಂಬುದು ನೋಡುತ್ತಿರುವ ಪ್ರತಿಯು ಮೂಲಕ್ಕೆ ಎಷ್ಟು ಹತ್ತಿರದ್ದೆಂಬುದನ್ನೇ ಅವಲಂಬಿಸಿದೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

1937ರ ಅಕ್ಟೋಬರಿನಲ್ಲಿ, ವಿಮಾನವು ಕಾಣೆಯಾಗಿ ಮೂರು ತಿಂಗಳು ಕಳೆದ ಮೇಲೆ, ಬ್ರಿಟಿಷ್ ವಸಾಹತು ಇಲಾಖೆಯ ಹ್ಯಾರಿ ಮಾಡ್ ಮತ್ತು ಎರಿಕ್ ಬೆವಿಂಗ್ಟನ್ ಎಂಬ ಅಧಿಕಾರಿಗಳು ಗಿಲ್ಬರ್ಟ್ ದ್ವೀಪಗಳ ಪ್ರತಿನಿಧಿಗಳೊಡನೆ ಗಾರ್ಡ್ನರ್ ದ್ವೀಪಕ್ಕೆ ಬಂದರು. ಜನರನ್ನು ನೆಲೆಗೊಳಿಸಲು ಅದು ಯೋಗ್ಯವೇ ಎಂದು ನೋಡುವುದು ಅವರ ಕಾರ್ಯ; ವಿಮಾನವನ್ನು ಹುಡುಕುವುದಲ್ಲ. ತರುಣ ಬೆವಿಂಗ್ಟನ್ ಅಲ್ಲಿ ತೆಗೆದ ಚಿತ್ರಗಳಲ್ಲೊಂದರಲ್ಲಿ 1929ರ ನವೆಂಬರಿನಲ್ಲಿ ಬಂಡೆಗೆ ಅಪ್ಪಳಿಸಿ ಕೆಟ್ಟ ನಾರ್ವಿಚ್ ಸಿಟಿ ಎಂಬ ಹಡಗಿನ ಅವಶೇಷವು ಕಾಣುತ್ತದೆ. ಚಿತ್ರದ ಎಡಭಾಗದಲ್ಲಿ ನೀರಿನ ಅಂಚಿನಲ್ಲಿ ಒಂದು ಸಣ್ಣ ಕಪ್ಪು ಆಕೃತಿಯೂ ಇದೆ. ಹಲವು ವರ್ಷ ಇದನ್ನು ನೋಡಿದ ಯಾರೂ ಆ ಆಕೃತಿಗೆ ಗಮನ ಕೊಡಲಿಲ್ಲ. 2010ರಲ್ಲಿ ಸಂಸ್ಥೆಯ ಪರವಾಗಿ ಚಿತ್ರಗಳನ್ನು ಪರೀಕ್ಷಿಸುತ್ತಿದ್ದ ತಜ್ಞರು ಇದು ತಲೆಕೆಳಗಾದ ಎಲೆಕ್ಟ್ರಾ ವಿಮಾನದ ಚಕ್ರಸಾಧನದಂತಿದೆ ಎಂದರು. ಒಡನೆಯೇ ಆಕ್ಸ್‌ಫರ್ಡಿನ ರೋಡ್ಸ್ ಹೌಸಿನಲ್ಲಿದ್ದ ಬೆವಿಂಗ್ಟನ್ನರ ಮೂಲಪ್ರತಿಯನ್ನು ಹುಡುಕಿಸಿ ಅದರಿಂದ ಸೂಕ್ಷ್ಮವಾದ ಪ್ರತಿಯನ್ನು ತೆಗೆಯಲಾಯಿತು. 2012ರ ಮಾರ್ಚ್ 20ರಂದು ಅಮೆರಿಕಾದ ವಿದೇಶಾಂಗ ಕಾರ್ಯದರ್ಶಿಗಳ ಸಮ್ಮುಖದಲ್ಲಿ ಹೊಸ ಯಾತ್ರೆಯೊಂದು ಪ್ರಕಟವಾಯಿತು.

ಆ ಚಿತ್ರದಿಂದ ಸಿದ್ಧವಾಗುವುದೆಷ್ಟು? ಮೂಲವು ನಿಸ್ಸಂದೇಹವಾದುದು, ತೆಗೆದವನು ಯಾರು, ಎಂದು, ಎಲ್ಲಿ ಎಂಬುದು ಗೊತ್ತು. ಆ ದಿನ ಆ ಬಂಡೆಯ ಮೇಲೆ ಏನೋ ಒಂದು ವಸ್ತು ಇದ್ದುದೂ ನಿಜ. ಆದರೆ ಎಂಟು ವರ್ಷಗಳಿಂದ ಒಡೆದು ಚೂರಾಗುತ್ತಿದ್ದ ಒಂದು ದೊಡ್ಡ ಹಡಗು ಅದೇ ಚಿತ್ರದಲ್ಲಿ ನಿಂತಿರುವಾಗ, ಸಮೀಪದ ಕಬ್ಬಿಣದ ತುಂಡು ಆ ಹಡಗಿನದ್ದಲ್ಲ, ವಿಮಾನದ್ದೇ ಎನ್ನಲು ಇನ್ನೂ ಬಲವಾದ ಆಧಾರ ಬೇಕು. ಮೂಲಪ್ರತಿಯು ಸಿಕ್ಕಿದ ಮಾತ್ರದಿಂದ ಅರ್ಥವು ಸಿಕ್ಕಿದಂತಾಗಲಿಲ್ಲ.

ಕಿಟಕಿಯ ತಗಡಿನ ವಿಷಯವೂ ಇದಕ್ಕೆ ಸಮೀಪವಾದುದು. 1991ರಲ್ಲಿ ದ್ವೀಪದಲ್ಲಿ ಸಿಕ್ಕಿದ ಒಂದು ಅಲ್ಯುಮಿನಿಯಂ ತಗಡು ಮಯಾಮಿಯಲ್ಲಿ ಹೊಡೆದ ತಗಡೇ ಎಂದು 2014ರಲ್ಲಿ ಸಂಸ್ಥೆಯು ಸಾರಿತು. ಹಳೆಯ ಚಿತ್ರಗಳಲ್ಲಿನ ಮೊಳೆಗಳ ಸಾಲನ್ನು ಅದರೊಡನೆ ಹೋಲಿಸಿದ್ದೇ ಇದಕ್ಕೆ ಮುಖ್ಯ ಆಧಾರ. ಹಲವರು ಒಪ್ಪಲಿಲ್ಲ. ಮುಂದೆ ನಡೆದ ಪರಿಶೀಲನೆಯಲ್ಲಿ ಅದು ಎರಡನೆಯ ಮಹಾಯುದ್ಧದ ಕಾಲದ ಸರಕು ವಿಮಾನವೊಂದರ ಭಾಗವೆಂಬ ಅಭಿಪ್ರಾಯವೇ ಪ್ರಬಲವಾಯಿತು. ಹುಡುಕುವವನ ಆಸೆಯು ಕಣ್ಣಿಗೆ ಬಣ್ಣ ಕಟ್ಟುತ್ತದೆ. ಈ ದೋಷದಿಂದ ವೇತನ ಪಡೆಯುವ ವಿದ್ವಾಂಸರೂ ಮುಕ್ತರಲ್ಲ.

ಇದಕ್ಕಿಂತ ತೃಪ್ತಿಕರವಾದುದು 2013ರಲ್ಲಿ ನ್ಯೂಜಿಲೆಂಡಿನಲ್ಲಿ ನಡೆದ ಸಂಗತಿ. 1938ರ ಡಿಸೆಂಬರ್ 1ರಂದು, ಎಂದರೆ ವಿಮಾನವು ಕಾಣೆಯಾದ ಒಂದು ವರ್ಷ ಐದು ತಿಂಗಳಿಗೆ, ನ್ಯೂಜಿಲೆಂಡಿನವರು ವಿಮಾನನಿಲ್ದಾಣಕ್ಕೆ ತಕ್ಕ ಸ್ಥಳವನ್ನು ಅರಸುತ್ತ ಗಾರ್ಡ್ನರ್ ದ್ವೀಪವನ್ನು ಆಕಾಶದಿಂದ ಚಿತ್ರಿಸಿದ್ದರು. ಈ ಚಿತ್ರಗಳ ವಿಷಯವಾಗಿ ಸಂಸ್ಥೆಯವರು ವಿಚಾರಿಸುತ್ತಿದ್ದರು. ಕ್ರೈಸ್ಟ್‌ಚರ್ಚ್ ನಗರದ ವಾಯುಪಡೆಯ ವಸ್ತುಸಂಗ್ರಹಾಲಯದಲ್ಲಿ ಛಾಯಾಚಿತ್ರಗಳ ಪಾಲಕರಾಗಿದ್ದ ಮ್ಯಾಥ್ಯೂ ಒಸಲಿವನ್ ಅವರು ಗುರುತು ಸಿಕ್ಕದ ದ್ವೀಪಗಳೆಂದು ಬರೆದಿದ್ದ ಒಂದು ಡಬ್ಬಿಯನ್ನು ತೆರೆದು ನೋಡಿದಾಗ, ಅದರೊಳಗೆ ಆ ದ್ವೀಪದ 45 ಚಿತ್ರಗಳ ಮೊದಲ ಪ್ರತಿಗಳೂ ನೆಗೆಟಿವ್‌ಗಳೂ ಇದ್ದವು. ವಸ್ತುವು ಎಂದೂ ಕಳೆದುಹೋಗಿರಲಿಲ್ಲ. ಎಪ್ಪತ್ತೈದು ವರ್ಷ ಸುರಕ್ಷಿತವಾಗಿಯೇ ಇದ್ದಿತು. ಕಳೆದುಹೋದುದು ಹೆಸರು ಮಾತ್ರ. ಆ ದ್ವೀಪದ ಆಕಾರವನ್ನು ಮನನ ಮಾಡಿಕೊಂಡವರು ದೂರದೇಶದಿಂದ ಕೇಳದೆ ಇದ್ದಿದ್ದರೆ ಡಬ್ಬಿಯು ಹಾಗೆಯೇ ಇರುತ್ತಿದ್ದಿತು. ಒಳ್ಳೆಯ ಪಾಲಕರಿಲ್ಲದಿದ್ದರೆ ಕೇಳಿದವರಿಗೆ ಉತ್ತರವೂ ದೊರೆಯುತ್ತಿರಲಿಲ್ಲ. ಚಿತ್ರಗಳಲ್ಲಿ ವಿಮಾನವು ನಿರ್ವಿವಾದವಾಗಿ ಕಾಣಲಿಲ್ಲ. ಆದರೆ ಜನವಸತಿ ಬೆಳೆಯುವ ಮೊದಲು ದ್ವೀಪವು ಹೇಗಿದ್ದಿತೆಂಬುದಕ್ಕೆ ಅವು ದೃಢವಾದ ಆಧಾರವಾಗಿವೆ.

ಇನ್ನು ಜಲೂಯಿಟ್ಟಿನ ಚಿತ್ರದ ವೃತ್ತಾಂತ. ಇದರಲ್ಲಿ ಪಣಕ್ಕೆ ಒಡ್ಡಿದುದು ಒಂದು ವಿಮಾನದ ಗತಿಯಷ್ಟೇ ಅಲ್ಲ. ಇಬ್ಬರು ನಿರಪರಾಧಿಗಳನ್ನು ಹಿಡಿದು ಸಾಯಿಸಿದರೆಂಬ ಆರೋಪವು ಒಂದು ರಾಜ್ಯದ ಮೇಲೆಯೂ, ಅದನ್ನು ತಿಳಿದೂ ಮುಚ್ಚಿಟ್ಟರೆಂಬ ಆರೋಪವು ಇನ್ನೊಂದು ರಾಜ್ಯದ ಮೇಲೆಯೂ ಬಿದ್ದಿದ್ದಿತು.

ಅಮೆರಿಕಾದ ರಾಷ್ಟ್ರೀಯ ದಾಖಲೆಗಳ ಭಂಡಾರದಲ್ಲಿ, ನೌಕಾ ಗುಪ್ತಚಾರ ಇಲಾಖೆಯು ಕೂಡಿಟ್ಟಿದ್ದ ಕಾಗದಗಳ ನಡುವೆ, ಒಂದು ಚಿತ್ರವಿದೆ. ಮಾರ್ಷಲ್ ದ್ವೀಪಗಳ ಜಲೂಯಿಟ್ ಬಂದರು ಎಂದು ಅದರ ಮೇಲೆ ಬರೆದಿದೆ, ಒಂದು ಸಂಖ್ಯೆಯಿದೆ, ತಾರೀಖಿಲ್ಲ. ಬಂದರುಕಟ್ಟೆಯ ಮೇಲೆ ಹಲವರು ನಿಂತಿದ್ದಾರೆ. ಗಿಡ್ಡಗೂದಲಿನ ಒಬ್ಬ ವ್ಯಕ್ತಿ ಕ್ಯಾಮರಾಗೆ ಬೆನ್ನು ಮಾಡಿ ಅಂಚಿನಲ್ಲಿ ಕುಳಿತಿದೆ. ಎಡಗಡೆ ಎತ್ತರದ ಪುರುಷನೊಬ್ಬ ನಿಂತಿದ್ದಾನೆ. ದೂರದಲ್ಲಿ ಒಂದು ಹಡಗು, ಅದರ ಬಳಿ ಏನೋ ಒಂದು ವಸ್ತು. ನಿವೃತ್ತ ಸರ್ಕಾರಿ ಅಧಿಕಾರಿಯೊಬ್ಬರು 2012ರಲ್ಲಿ ಈ ಚಿತ್ರವನ್ನು ಕಂಡು, ಕುಳಿತವಳು ಇಯರ್‌ಹಾರ್ಟ್, ನಿಂತವನು ನೂನನ್, ಹಡಗಿನ ಬಳಿಯದು ಅವರ ವಿಮಾನ ಎಂದು ಊಹಿಸಿದರು. ಅವರೂ ಸ್ವಂತ ಆಸಕ್ತಿಯಿಂದಲೇ ವರ್ಷಗಟ್ಟಲೆ ದಾಖಲೆಗಳನ್ನು ತಿರುವಿಹಾಕಿದವರು. ಅವರ ಶ್ರಮವನ್ನು ಹಗುರವಾಗಿ ಕಾಣಲಾಗದು. ಹಿಸ್ಟರಿ ಚಾನೆಲ್ ಎಂಬ ದೂರದರ್ಶನ ಸಂಸ್ಥೆಯವರು ಇದನ್ನು ಕೈಗೆತ್ತಿಕೊಂಡು, ಮುಖಲಕ್ಷಣಗಳನ್ನು ಅಳೆಯುವ ತಜ್ಞರಿಂದ ಕೂದಲಿನ ಅಂಚನ್ನೂ ದೇಹದ ಅಳತೆಯನ್ನೂ ಹೋಲಿಸಿ ನೋಡಿಸಿ, 2017ನೆಯ ಇಸವಿ ಜುಲೈ 9ರಂದು ಎರಡು ಗಂಟೆಗಳ ಕಾರ್ಯಕ್ರಮವನ್ನು ಪ್ರಸಾರ ಮಾಡಿದರು. ಅದಕ್ಕೆ ಮುಂಚೆಯೇ ಜಗತ್ತಿನ ಪತ್ರಿಕೆಗಳೆಲ್ಲ ರಹಸ್ಯವು ಬಯಲಾಯಿತೆಂದು ಬರೆದವು.

ಬೆನ್ನು ತೋರಿಸಿ ಕುಳಿತ ವ್ಯಕ್ತಿಯ ಗುರುತನ್ನು ಇಷ್ಟು ಸೂಕ್ಷ್ಮವಾಗಿ ಅಳೆದವರು, ಆ ಚಿತ್ರವು ನೌಕಾ ಇಲಾಖೆಗೆ ಎಲ್ಲಿಂದ ಬಂದಿತೆಂಬ ಪ್ರಶ್ನೆಯನ್ನು ಕೊನೆಮುಟ್ಟಿಸದೆ ಬಿಟ್ಟದ್ದು ಆಶ್ಚರ್ಯ. ಗುಪ್ತಚಾರ ಇಲಾಖೆಯವರು ಎಲ್ಲ ಚಿತ್ರಗಳನ್ನೂ ಗುಪ್ತವಾಗಿ ತೆಗೆಯುವುದಿಲ್ಲ. ಪರರಾಜ್ಯದ ಬಂದರಿನ ಸ್ವರೂಪವನ್ನು ತಿಳಿಯಲು ಆ ರಾಜ್ಯದವರೇ ಅಚ್ಚುಮಾಡಿ ಮಾರುವ ಪುಸ್ತಕಗಳಿಂದಲೂ ಅಂಚೆಕಾರ್ಡುಗಳಿಂದಲೂ ಪ್ರತಿ ಮಾಡಿಕೊಳ್ಳುವುದು ಎಲ್ಲ ದೇಶಗಳ ರೂಢಿ. ಹಾಗಿರಲು ಈ ಚಿತ್ರದ ಮೂಲವನ್ನು ಮೊದಲು ಜಪಾನಿನ ಮುದ್ರಿತ ಗ್ರಂಥಗಳಲ್ಲಿ ಹುಡುಕಬೇಕಾಗಿದ್ದಿತು.

ಹುಡುಕಿದವನು ಟೋಕಿಯೋ ನಗರದ ಒಬ್ಬ ಖಾಸಗಿ ಮನುಷ್ಯ. ಸೇನಾ ಇತಿಹಾಸದಲ್ಲಿ ಅಭಿರುಚಿಯಿದ್ದು ಅಂತರ್ಜಾಲದಲ್ಲಿ ಅಷ್ಟಿಷ್ಟು ಬರೆಯುತ್ತಿದ್ದವನು. ಇದಕ್ಕಾಗಿ ಆತನನ್ನು ಯಾರೂ ನೇಮಿಸಿರಲಿಲ್ಲ, ಯಾರೂ ಹಣ ಕೊಟ್ಟಿರಲಿಲ್ಲ. ಕಾರ್ಯಕ್ರಮದ ಸುದ್ದಿಯನ್ನು ಓದಿ ಆತನು ಜಪಾನಿನ ರಾಷ್ಟ್ರೀಯ ಸಂಸತ್ ಗ್ರಂಥಾಲಯದ ಗಣಕೀಕೃತ ಸಂಗ್ರಹವನ್ನು ತೆರೆದು, ಜಲೂಯಿಟ್ ದ್ವೀಪದ ಹೆಸರನ್ನು ಜಪಾನೀ ಲಿಪಿಯಲ್ಲಿ ಬರೆದು, 1930ರಿಂದ 1940ರವರೆಗಿನ ಗ್ರಂಥಗಳನ್ನು ಕೇಳಿದನು. ಅರ್ಧ ಗಂಟೆಯೊಳಗೆ ಅದೇ ಚಿತ್ರವು ದೊರೆಯಿತು. ಅದೇ ಕಟ್ಟೆ, ಅವೇ ಆಕೃತಿಗಳು. ಅದು ಪಲಾವು ದ್ವೀಪದಲ್ಲಿ ಪ್ರಕಟವಾದ, ಸಮುದ್ರದ ಜೀವರೇಖೆ ಎಂಬ ಅರ್ಥದ ಹೆಸರುಳ್ಳ, ದಕ್ಷಿಣಸಾಗರದ ದ್ವೀಪಗಳನ್ನು ಪರಿಚಯಿಸುವ ಚಿತ್ರಗ್ರಂಥ. ಚಿತ್ರದ ಕೆಳಗಿನ ಬರಹವು ಬಂದರಿನಲ್ಲಿ ನಡೆಯುವ ಹಾಯಿದೋಣಿಗಳ ಪಂದ್ಯವನ್ನು ಹೇಳುತ್ತದೆ. ವಿಮಾನದ ಸುಳಿವೇ ಇಲ್ಲ. ಗ್ರಂಥವು ಪ್ರಕಟವಾದುದು 1935ನೆಯ ಇಸವಿ ಅಕ್ಟೋಬರಿನಲ್ಲಿ.

ಈ ಒಂದು ತಾರೀಖಿನ ಮುಂದೆ ಮಿಕ್ಕ ಅಳತೆಗಳೆಲ್ಲವೂ ನಿರರ್ಥಕವಾದುವು. 1935ರ ಅಕ್ಟೋಬರಿನಲ್ಲಿ ಎಲೆಕ್ಟ್ರಾ ವಿಮಾನವು ಆಕೆಯ ಕೈಸೇರಲು ಇನ್ನೂ ಒಂಬತ್ತು ತಿಂಗಳಿದ್ದಿತು. ಜಪಾನೀಯರ ಸೆರೆಯಾಳೆಂದು ಕಲ್ಪಿತನಾದ ನೂನನ್ ಆಗ ಪ್ಯಾನ್ ಅಮೆರಿಕನ್ ಸಂಸ್ಥೆಯ ಸೇವೆಯಲ್ಲಿದ್ದು, ಮುಂದಿನ ತಿಂಗಳಲ್ಲಿಯೇ ಚೈನಾ ಕ್ಲಿಪ್ಪರ್ ವಿಮಾನದ ಪ್ರಥಮ ಯಾನದಲ್ಲಿ ದಿಗ್ದರ್ಶಕನಾಗಿ ಶಾಂತಸಾಗರವನ್ನು ದಾಟಿದನು. ಕುಳಿತಿದ್ದ ವ್ಯಕ್ತಿಯು ಯಾರೇ ಆಗಿರಲಿ, ಕೊನೆಯ ಯಾನದ ಇಯರ್‌ಹಾರ್ಟ್ ಆಗಿರಲು ಸಾಧ್ಯವಿರಲಿಲ್ಲ.

ಮಾರ್ಷಲ್ ದ್ವೀಪಗಳ ಪಕ್ಷವು ಇದರಿಂದ ಸಮೂಲವಾಗಿ ಬಿದ್ದುಹೋಯಿತೆಂದು ಹೇಳುವುದು ಸರಿಯಲ್ಲ. 1960ರ ದಶಕದಿಂದ ಸಂಗ್ರಹವಾದ ದ್ವೀಪವಾಸಿಗಳ ಹೇಳಿಕೆಗಳನ್ನು ಆ ಪಕ್ಷದವರು ಈಗಲೂ ಮುಂದಿಡುತ್ತಾರೆ. ಅವುಗಳನ್ನು ಬೇರೆಯಾಗಿಯೇ ಪರೀಕ್ಷಿಸಬೇಕು. ಬಿದ್ದುಹೋದುದು ಆ ಒಂದು ಚಿತ್ರದ ಸಾಕ್ಷ್ಯ. ಗಮನಾರ್ಹವಾದ ಇನ್ನೊಂದು ಅಂಶವುಂಟು. ಚಿತ್ರವನ್ನು ಮೊದಲು ಎತ್ತಿ ಹಿಡಿದವರೂ, ಅದರ ತಾರೀಖನ್ನು ಕಂಡುಹಿಡಿದವನೂ ಇಬ್ಬರೂ ವೇತನವಿಲ್ಲದ ಆಸಕ್ತರೇ. ಒಬ್ಬರು ಚಿತ್ರದೊಳಗೆ ಏನಿದೆ ಎಂದು ನೋಡಿದರು. ಇನ್ನೊಬ್ಬನು ಚಿತ್ರವು ಎಲ್ಲಿಂದ ಬಂದಿತೆಂದು ನೋಡಿದನು. ಎರಡನೆಯವನಿಗೆ ಒಂದು ಅನುಕೂಲವಿದ್ದಿತು: ಆತನಿಗೆ ಜಪಾನೀ ಭಾಷೆಯು ಬರುತ್ತಿದ್ದಿತು. ಅಮೆರಿಕಾದಲ್ಲಿ ಐದು ವರ್ಷ ಬಗೆಹರಿಯದ ಪ್ರಶ್ನೆಯು ಟೋಕಿಯೋವಿನಲ್ಲಿ ಅರ್ಧ ಗಂಟೆಗೆ ಬಗೆಹರಿದುದಕ್ಕೆ ಬುದ್ಧಿಯ ಹೆಚ್ಚುಕಡಮೆಗಿಂತ ಭಾಷೆಯೂ ಗ್ರಂಥಭಂಡಾರವೂ ಕಾರಣವೆಂದು ತೋರುತ್ತದೆ. ಆ ಗ್ರಂಥಾಲಯದವರು ಹಳೆಯ ಪ್ರವಾಸಗ್ರಂಥವೊಂದನ್ನು ಇಷ್ಟು ಶ್ರದ್ಧೆಯಿಂದ ಪುಟಪುಟವಾಗಿ ಚಿತ್ರಿಸಿ ಸರ್ವರಿಗೂ ತೆರೆದಿಡದೆ ಇದ್ದಿದ್ದರೆ ಭಾಷೆಯಿಂದಲೂ ಪ್ರಯೋಜನವಾಗುತ್ತಿರಲಿಲ್ಲ.

ದೂರದರ್ಶನ ಸಂಸ್ಥೆಯವರು ತಾವು ಪುನಃ ವಿಚಾರಿಸುವುದಾಗಿ ತಿಳಿಸಿ ಕಾರ್ಯಕ್ರಮದ ಮರುಪ್ರಸಾರವನ್ನು ನಿಲ್ಲಿಸಿದರು. ಟೋಕಿಯೋವಿನ ಆ ಬರಹಗಾರನು, ಚಿತ್ರವು ಮೊದಲು ಯಾವ ಗ್ರಂಥದಲ್ಲಿ ಎಂದು ಅಚ್ಚಾಯಿತೆಂಬುದನ್ನು ಕಾರ್ಯಕ್ರಮದವರು ನೋಡದೆ ಹೋದುದು ತನಗೆ ವಿಚಿತ್ರವಾಗಿ ತೋರಿತೆಂಬ ಅಭಿಪ್ರಾಯವನ್ನು ಪತ್ರಿಕೆಯವರಿಗೆ ತಿಳಿಸಿದನು. ನೌಕಾ ಇಲಾಖೆಯ ಪ್ರತಿಯ ಮೇಲೆ ಯಾರೋ ಒಬ್ಬ ಗುಮಾಸ್ತನು ಸ್ಥಳದ ಹೆಸರನ್ನೂ ಸಂಖ್ಯೆಯನ್ನೂ ಬರೆದು, ತಾರೀಖನ್ನು ಬರೆಯದೆ ಬಿಟ್ಟಿದ್ದನು.